ಬೆರಗು ಮತ್ತು ವಿಚಾರ: 'ರಾಶೊಮೊನ್' ಚಲಚ್ಚಿತ್ರ

ಕಥೆಯ ಗುಟ್ಟನ್ನು ಕಡೆಯವರೆಗೆ ಬಚ್ಚಿಟ್ಟು ಒಮ್ಮೆಲೇ ಹೊರಗೆಡಹಿ ಪ್ರೇಕ್ಷಕನನ್ನು ಬೆರಗುಗೊಳಿಸುವುದು ಚಲಚ್ಚಿತ್ರಕ್ಕೆ ಅಷ್ಟೇನೂ ಕಷ್ಟವಾದ ಕೆಲಸವಲ್ಲ. ಅಂತಹ ಬೆರಗು ಗುಟ್ಟು ತಿಳಿದೊಡನೆಯೇ ತೀರಿಹೋಗುವುದು. ಎರಡನೆಯ ಸಲ ನೋಡುವವನಿಗೆ ಅದು ಆರಿದ ಅನ್ನ. ಗುಟ್ಟು ತಿಳಿದ ಮೇಲೆಯೇ ಮೊದಲಾಗುವ ಇನ್ನೊಂದು ಬಗೆಯ ಬೆರಗುಂಟು. ಭಾರತೀಯ ಆಲಂಕಾರಿಕರು ವಿಸ್ಮಯವನ್ನು ಅದ್ಭುತರಸದ ಸ್ಥಾಯಿಭಾವವೆಂದು ಕರೆದರು. ಸ್ಥಾಯಿ ಎಂಬ ಮಾತನ್ನು ಇಲ್ಲಿ ಮರೆಯಬಾರದು. ನಿಲ್ಲದ ಬೆರಗು ಕುತೂಹಲ ಮಾತ್ರ. ನಿಂತು ಬೆಳೆಯುವ ಬೆರಗೇ ವಿಚಾರಕ್ಕೆ ದಾರಿಯಾಗುವುದು.

ಈ ಭೇದವನ್ನು ತಿಳಿಯಲು ಆಲ್ಫ್ರೆಡ್ ಹಿಚ್‌ಕಾಕನ 'ಸೈಕೋ' (1960) ಚಿತ್ರವನ್ನು ನೋಡಬಹುದು. ನಲವತ್ತು ಸಾವಿರ ಡಾಲರುಗಳನ್ನು ಕದ್ದು ಓಡಿದ ನಾಯಿಕೆ, ಕಥೆ ಅರ್ಧವನ್ನು ಮುಟ್ಟುವ ಮೊದಲೇ ಕೊಲೆಯಾಗುತ್ತಾಳೆ. ಅವಳ ಹೆಣವಿದ್ದ ಕಾರನ್ನು ಕೆಸರುಮಡುವಿಗೆ ನೂಕಿದಾಗ ಅದು ಮುಳುಗುತ್ತ ಮುಳುಗುತ್ತ ಕ್ಷಣಕಾಲ ನಿಂತುಬಿಡುತ್ತದೆ. ಆಗ ಅದು ಪೂರ್ತಿಯಾಗಿ ಮುಳುಗಲಿ ಎಂದು ಪ್ರೇಕ್ಷಕನೇ ಹಾರೈಸುತ್ತಾನೆ! ತನ್ನ ಮರುಕವು ಎಷ್ಟು ಬೇಗ ಸತ್ತವಳನ್ನು ಬಿಟ್ಟು ಸಾವನ್ನು ಮುಚ್ಚಿಡುವವನ ಕಡೆಗೆ ಹರಿಯಿತೆಂಬುದು ಅವನನ್ನು ಬೆಚ್ಚಿಬೀಳಿಸತಕ್ಕ ಅರಿವು. ಆದರೆ ಚಿತ್ರದ ಕೊನೆಯಲ್ಲಿ ಮನೋವೈದ್ಯನೊಬ್ಬನು ಬಂದು ಎಲ್ಲವನ್ನೂ ಬಿಡಿಸಿ ಹೇಳುತ್ತಾನೆ. ಆ ವ್ಯಾಖ್ಯಾನದಿಂದ ತೆರೆದ ಬಾಗಿಲು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಜಪಾನಿನ ಅಕಿರ ಕುರೊಸಾವನ 'ರಾಶೊಮೊನ್' (1950) ಆ ಬಾಗಿಲನ್ನು ಮುಚ್ಚುವುದಿಲ್ಲ. 1951ರಲ್ಲಿ ವೆನಿಸ್ಸಿನ ಚಿತ್ರೋತ್ಸವದಲ್ಲಿ ಹಿರಿಯ ಬಹುಮಾನವಾದ ಚಿನ್ನದ ಸಿಂಹವನ್ನು ಪಡೆದು, ಜಪಾನಿನ ಚಲಚ್ಚಿತ್ರದ ಕಡೆಗೆ ಪಾಶ್ಚಾತ್ಯರ ಕಣ್ಣನ್ನು ತಿರುಗಿಸಿದ ಕೃತಿಯಿದು. ಇದಕ್ಕೆ ಆಧಾರ ರ್ಯುನೊಸುಕೆ ಅಕುತಾಗಾವನ ಎರಡು ಸಣ್ಣ ಕಥೆಗಳು. ಮಳೆಯೂ ಪಾಳುಬಿದ್ದ ಹೆಬ್ಬಾಗಿಲೂ 1915ರ ಕಥೆಯಿಂದ ಬಂದುವು. ಕಾಡಿನಲ್ಲಿ ನಡೆದ ಸಾವು 1922ರ ಕಥೆಯಿಂದ ಬಂದಿತು.

ವೃತ್ತಾಂತವು ಸರಳವಾದುದು. ಕಾಡುದಾರಿಯಲ್ಲಿ ಹೆಂಡತಿಯೊಡನೆ ಹೋಗುತ್ತಿದ್ದ ಸಾಮುರಾಯಿಯೊಬ್ಬನನ್ನು ತಾಜೊಮಾರು ಎಂಬ ದರೋಡೆಗಾರನು ಮೋಸದಿಂದ ಕಟ್ಟಿಹಾಕಿ ಅವಳ ಮಾನವನ್ನು ಕೆಡಿಸುತ್ತಾನೆ. ಬಳಿಕ ಸಾಮುರಾಯಿ ಸತ್ತುಬಿದ್ದಿರುತ್ತಾನೆ. ಕೊಂದವರಾರು? ತಾನೇ ಕತ್ತಿಯ ಕಾಳಗದಲ್ಲಿ ವೀರೋಚಿತವಾಗಿ ಕೊಂದೆನೆನ್ನುತ್ತಾನೆ ದರೋಡೆಗಾರ. ಗಂಡನ ತಿರಸ್ಕಾರದ ನೋಟವನ್ನು ತಾಳಲಾರದೆ ಕಠಾರಿಯನ್ನು ಹಿಡಿದಂತೆಯೇ ಮೂರ್ಛೆಹೋದೆನೆಂದೂ, ಎಚ್ಚೆತ್ತಾಗ ಅದು ಅವನ ಎದೆಯಲ್ಲಿ ನಾಟಿತ್ತೆಂದೂ ಹೇಳುತ್ತಾಳೆ ಹೆಂಡತಿ. ಆವೇಶಬಂದ ಹೆಂಗಸೊಬ್ಬಳ ಬಾಯಿಂದ ಮಾತನಾಡುವ ಸತ್ತವನ ಪ್ರೇತವಾದರೋ, ತನ್ನನ್ನು ತಾನೇ ಇರಿದುಕೊಂಡೆನೆನ್ನುತ್ತದೆ.

ಬೆರಗು ಇರುವುದು ಇಲ್ಲಿ. ನ್ಯಾಯಸ್ಥಾನದ ಕಥೆಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬನೂ ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟುತ್ತಾನೆ. ಇಲ್ಲಿಯಾದರೆ ಮೂವರೂ ಸಾವಿನ ಹೊಣೆಯನ್ನು ತಂತಮ್ಮ ಮೇಲೆಯೇ ಎಳೆದುಕೊಳ್ಳುತ್ತಾರೆ. ಕೊಲೆಗಾರನೆನ್ನಿಸಿಕೊಳ್ಳಲು ಅವರಿಗೆ ಅಂಜಿಕೆಯಿಲ್ಲ. ಅಲ್ಪನೆನ್ನಿಸಿಕೊಳ್ಳಲು ಮಾತ್ರ ಅಂಜಿಕೆಯುಂಟು. ಒಬ್ಬನಿಗೆ ಶೌರ್ಯದ ಹೆಸರು ಬೇಕು, ಒಬ್ಬಳಿಗೆ ಮರುಕ ಬೇಕು, ಮತ್ತೊಬ್ಬನಿಗೆ ಕುಲಗೌರವ ಬೇಕು. ಸತ್ತಮೇಲೆಯೂ ಅಹಂಕಾರ ಸಾಯಲಿಲ್ಲವೆಂಬುದನ್ನು ಇದಕ್ಕಿಂತ ತೀಕ್ಷ್ಣವಾಗಿ ತೋರಿಸಿದ ಚಿತ್ರಗಳು ವಿರಳ.

ಚಿತ್ರದ ರಚನೆಯೂ ಈ ಅರ್ಥಕ್ಕೆ ತಕ್ಕಂತಿದೆ. ವಿಚಾರಣೆಯ ಅಂಗಳದಲ್ಲಿ ನ್ಯಾಯಾಧಿಪತಿಯು ಎಲ್ಲಿಯೂ ಕಾಣಿಸುವುದಿಲ್ಲ, ಅವನ ದನಿಯೂ ಕೇಳಿಸುವುದಿಲ್ಲ. ಸಾಕ್ಷಿಗಳು ನೇರವಾಗಿ ಪ್ರೇಕ್ಷಕನ ಕಡೆಗೆ ಮುಖಮಾಡಿ ನುಡಿಯುತ್ತಾರೆ. ತೀರ್ಪಿನ ಪೀಠದಲ್ಲಿ ಕುಳಿತವನು ಅವನೇ. ಛಾಯಾಗ್ರಾಹಕ ಕಜುವೊ ಮಿಯಾಗಾವ ಕಾಡಿನ ಎಲೆಗಳ ಸಂದಿಯಿಂದ ಸೂರ್ಯನನ್ನೇ ನೇರವಾಗಿ ಹಿಡಿದಿದ್ದಾನೆ. ಬೆಳಕೂ ನೆರಳೂ ಪಾತ್ರಗಳ ಮುಖಗಳ ಮೇಲೆ ಒಂದೇ ಸಮನೆ ಹೊರಳಾಡುವುವು. ಕಣ್ಣು ಎಲ್ಲವನ್ನೂ ಕಾಣುತ್ತದೆ, ಆದರೂ ಯಾವುದನ್ನೂ ನಂಬಲಾರದು. ಫುಮಿಯೊ ಹಯಸಾಕನ ಸಂಗೀತ ಮಾತ್ರ ಕೆಲವೆಡೆ ಫ್ರೆಂಚ್ ಸಂಗೀತಗಾರ ರವೆಲ್ಲನ 'ಬೊಲೆರೊ'ವನ್ನು ಅತಿಯಾಗಿ ನೆನಪಿಸಿ ರಸಕ್ಕೆ ತೊಡಕಾಗುತ್ತದೆಂದು ಹೇಳದೆ ವಿಧಿಯಿಲ್ಲ.

ಸತ್ಯವೆಂಬುದೇ ಇಲ್ಲ, ಅವರವರು ಕಂಡದ್ದೇ ಅವರವರಿಗೆ ಸತ್ಯ ಎಂಬುದು ಈ ಚಿತ್ರದ ತಾತ್ಪರ್ಯವೆಂದು ಅನೇಕರು ತಿಳಿಯುವುದುಂಟು. ಇದು ಸುಲಭವಾದ ಮಾತು. ಆದರೆ ಸರಿಯಾದ ಮಾತಲ್ಲ. ಕಾಡಿನಲ್ಲಿ ನಡೆದದ್ದು ಒಂದೇ. ಅದನ್ನು ಕಂಡವರಿಗೆ ಕಣ್ಣಿನ ದೋಷವಿರಲಿಲ್ಲ, ನಾಲಗೆಯ ದೋಷವಿತ್ತು. ಮೂಲಕಥೆಯಲ್ಲಿಲ್ಲದ ನಾಲ್ಕನೆಯ ಹೇಳಿಕೆಯೊಂದನ್ನು ಕುರೊಸಾವ ಸೇರಿಸಿದ್ದು ಇದಕ್ಕಾಗಿಯೇ. ಮರೆಯಲ್ಲಿ ನಿಂತು ನೋಡಿದೆನೆನ್ನುವ ಕಟ್ಟಿಗೆಯವನ ಪ್ರಕಾರ ಆ ಕಾಳಗದಲ್ಲಿ ವೀರವೆಂಬುದೇ ಇರಲಿಲ್ಲ. ಇಬ್ಬರು ಗಂಡಸರೂ ನಡುಗುತ್ತ, ಮುಗ್ಗರಿಸುತ್ತ, ತೆವಳುತ್ತ ಹೋರಾಡಿದರು. ಸಾಮುರಾಯಿ ಜೀವಭಿಕ್ಷೆಯನ್ನು ಬೇಡುತ್ತ ಸತ್ತನು. ಹೀಗೆ ನಿಜವನ್ನು ನುಡಿದಂತೆ ಕಾಣುವ ಈತನೂ ಶುದ್ಧನಲ್ಲ. ಬೆಲೆಬಾಳುವ ಕಠಾರಿಯನ್ನು ಕದ್ದವನು ನೀನಲ್ಲವೆ ಎಂದು ಹೆಬ್ಬಾಗಿಲಿನಲ್ಲಿದ್ದ ದಾರಿಹೋಕನು ಕೇಳಿದಾಗ ಅವನ ಬಾಯಿ ಕಟ್ಟಿಹೋಗುತ್ತದೆ.

ಚಿತ್ರದ ಮುಕ್ತಾಯವನ್ನು ಕುರಿತು ಒಂದು ಆಕ್ಷೇಪವುಂಟು. ಹೆಬ್ಬಾಗಿಲಿನಲ್ಲಿ ಯಾರೋ ಬಿಟ್ಟುಹೋದ ಹಸುಳೆಯ ಅಳು ಕೇಳುತ್ತದೆ. ದಾರಿಹೋಕನು ಅದರ ಬಟ್ಟೆಯನ್ನು ಕಿತ್ತುಕೊಂಡು ಹೋಗುತ್ತಾನೆ. ಆರು ಮಕ್ಕಳ ತಂದೆಯಾದ ಕಟ್ಟಿಗೆಯವನು ಅದನ್ನು ಏಳನೆಯದಾಗಿ ಎತ್ತಿಕೊಳ್ಳುತ್ತಾನೆ. ಮಳೆ ನಿಲ್ಲುತ್ತದೆ. ಇಷ್ಟು ಕಠೋರವಾದ ಕಥೆಗೆ ಇಂತಹ ಮೃದುವಾದ ಕೊನೆಯನ್ನು ಹೊಲಿದು ಸೇರಿಸಿದಂತಿದೆಯೆಂದು ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮಳೆ ನಿಂತು ಬೆಳಕು ಬರುವುದು ತೀರ ಅನುಕೂಲವಾಗಿಯೇ ಒದಗಿದೆ. ಆದರೂ ಒಂದನ್ನು ಗಮನಿಸಬೇಕು. ಮಗುವನ್ನು ಸಾಕುವೆನೆಂಬುದೂ ಒಂದು ಹೇಳಿಕೆಯೇ. ಅದನ್ನು ಹೇಳಿದವನು ಆಗಲೇ ಒಮ್ಮೆ ಸುಳ್ಳಾಡಿದವನು. ಸಾಕ್ಷ್ಯವಿಲ್ಲದೆ ಅವನನ್ನು ನಂಬಿ ಸನ್ಯಾಸಿಯು ಮಗುವನ್ನು ಕೈಗೆ ಕೊಡುತ್ತಾನೆ. ಸತ್ಯವನ್ನು ಖಚಿತಮಾಡಿಕೊಂಡ ಮೇಲೆಯೇ ನಂಬುವೆನೆಂದು ಕಾದರೆ ಮಗು ಚಳಿಯಲ್ಲಿ ಸಾಯುವುದು. ಹೀಗೆ ನೋಡಿದಲ್ಲಿ ಕೊನೆಯು ಪ್ರಶ್ನೆಗೆ ಉತ್ತರವಲ್ಲ, ಪ್ರಶ್ನೆಯ ಕಡೆಯ ರೂಪ.

ಈ ಬಗೆಯ ಕಥನಕ್ರಮ ಕನ್ನಡಕ್ಕೂ ಬಂದಿದೆ. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014) ಚಿತ್ರದಲ್ಲಿ ಮಲ್ಪೆಯ ಕಡಲತೀರದ ಒಂದು ವೃತ್ತಾಂತವನ್ನು ಪತ್ರಕರ್ತೆಯೊಬ್ಬಳು ಹಲವರ ಬಾಯಿಂದ ಕೇಳಿ ಕೂಡಿಸುತ್ತಾಳೆ. ಅಲ್ಲಿಯ ಹೇಳಿಕೆಗಳು ಬಹುಮಟ್ಟಿಗೆ ಒಂದನ್ನೊಂದು ಪೂರೈಸುತ್ತವೆ. ರಾಶೊಮೊನ್ನಿನಲ್ಲಿ ಒಂದನ್ನೊಂದು ಅಳಿಸುತ್ತವೆ. ಅಲ್ಲಿ ಪ್ರೇಕ್ಷಕನು ಚೂರುಗಳನ್ನು ಜೋಡಿಸುತ್ತಾನೆ. ಇಲ್ಲಿ ಆತ್ಮಪರೀಕ್ಷೆ ಮಾಡಿಕೊಳ್ಳುತ್ತಾನೆ. ಆದರೂ 'ಉಳಿದವರು' ಎಂಬ ಒಂದು ಪದದಿಂದಲೇ, ಕಥೆ ಹೇಳುವ ಹಕ್ಕು ಯಾರ ಪಾಲಿಗೆ ಬರುವುದೆಂಬುದನ್ನು ಆ ಚಿತ್ರದ ಹೆಸರು ಸೊಗಸಾಗಿ ಸೂಚಿಸುತ್ತದೆ.

ಉತ್ತಮ ಚಿತ್ರದ ಬೆರಗು ಪರದೆಯ ಮೇಲೆ ಮುಗಿಯತಕ್ಕದ್ದಲ್ಲ. ಎಂಬತ್ತೆಂಟು ನಿಮಿಷಗಳ 'ರಾಶೊಮೊನ್' ಮುಗಿದ ಮೇಲೆ, ಕೊಂದವರಾರೆಂಬ ಪ್ರಶ್ನೆ ಹಿಂದೆ ಸರಿದು ಬೇರೊಂದು ಪ್ರಶ್ನೆ ಮುಂದೆ ಬರುವುದು: ಆ ಅಂಗಳದಲ್ಲಿ ಕುಳಿತು ಸಾಕ್ಷಿ ನುಡಿಯಬೇಕಾಗಿ ಬಂದರೆ, ತನ್ನನ್ನು ಸಣ್ಣವನನ್ನಾಗಿ ಮಾಡುವ ನಿಜವನ್ನು ಹೇಳಬಲ್ಲವನಾರು?