ಆರೋಗ್ಯ ವಿಮೆಯ ಸಣ್ಣ ಅಕ್ಷರಗಳು

ಕತೆ, ಕಾದಂಬರಿಗಳನ್ನು ಸಾಲು ಸಾಲಾಗಿ ವಿಮರ್ಶಿಸುವ ನಾವು, ನಮ್ಮ ಬದುಕಿಗೆ ನೇರವಾಗಿ ತಟ್ಟುವ ಕೆಲವು ಬರಹಗಳನ್ನು ಓದುವುದೇ ಇಲ್ಲ. ಆರೋಗ್ಯ ವಿಮೆಯ ಪಾಲಿಸಿ ಪತ್ರ ಅಂಥದ್ದೊಂದು ಬರಹ. ಅದರ ಮೊದಲ ಪುಟದಲ್ಲಿ ದೊಡ್ಡ ಮೊತ್ತ ಇರುತ್ತದೆ. ಆ ಮೊತ್ತ ಯಾವಾಗ ಸಿಗುವುದಿಲ್ಲ ಎಂಬುದು ಮುಂದಿನ ಪುಟಗಳಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತದೆ.

ಒಂದು ಉದಾಹರಣೆ ನೋಡೋಣ. ಮೂರು ಲಕ್ಷ ರೂಪಾಯಿಯ ಪಾಲಿಸಿಯಲ್ಲಿ ಕೋಣೆ ಬಾಡಿಗೆ ದಿನಕ್ಕೆ ಶೇ. 1 ಎಂದಿದ್ದರೆ, ಮೂರು ಸಾವಿರದ ಕೋಣೆ ಮಾತ್ರ ಸಿಗುತ್ತದೆ. ಅದು ಖಾಲಿಯಿಲ್ಲದೆ ಆರು ಸಾವಿರದ ಕೋಣೆಗೆ ಸೇರಿದರೆ ಕಡಿತವಾಗುವುದು ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ; ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕವೂ ಅದೇ ಅನುಪಾತದಲ್ಲಿ ಅರ್ಧವಾಗುತ್ತದೆ. ಔಷಧಿ ಮತ್ತು ತಪಾಸಣೆಗಳನ್ನು ಈ ಕಡಿತದಿಂದ ಹೊರಗಿಟ್ಟದ್ದು 2020ರಲ್ಲಿ, ಅದೂ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದ ಮೇಲೆ. ಹೆರಿಗೆ ನೋವಿನಲ್ಲೋ ಎದೆನೋವಿನಲ್ಲೋ ಬಂದವರ ಮನೆಯವರು ಈ ಲೆಕ್ಕ ಹಾಕಿ ಕೋಣೆ ಆರಿಸಬೇಕೆಂದು ನಿರೀಕ್ಷಿಸುವುದು ಯಾವ ನ್ಯಾಯ?

ಸುಧಾರಣೆ ಆಗಿಲ್ಲವೆಂದು ನಾವು ಹೇಳುವುದಿಲ್ಲ. 2024ರಲ್ಲಿ ಪ್ರಾಧಿಕಾರ ಹಲವು ನಿಯಮಗಳನ್ನು ಬದಲಿಸಿತು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಯಿತು. ಐದು ವರ್ಷ ಕಂತು ಕಟ್ಟಿದವರ ಕ್ಲೇಮನ್ನು, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದಾಯಿತು. ನಗದುರಹಿತ ಚಿಕಿತ್ಸೆಗೆ ಒಂದು ಗಂಟೆಯೊಳಗೆ, ಬಿಡುಗಡೆಗೆ ಮೂರು ಗಂಟೆಯೊಳಗೆ ಒಪ್ಪಿಗೆ ನೀಡಬೇಕೆಂದೂ ಆಯಿತು. ಪಾಲಿಸಿಯ ಸಾರಾಂಶವನ್ನು ಗ್ರಾಹಕರು ಕೇಳಿದರೆ ಅವರ ಭಾಷೆಯಲ್ಲೇ ಕೊಡಬೇಕೆಂಬ ನಿಯಮವೂ ಅದೇ ವರ್ಷದಿಂದ ಇದೆ. ಕನ್ನಡದಲ್ಲಿ ಕೊಡಿ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18 ಜಿ.ಎಸ್.ಟಿ.ಯೂ ಹೋಯಿತು.

ಆದರೆ ಈ ಸುಧಾರಣೆಗಳೆಲ್ಲ ವಿಮೆಯ ಬಾಗಿಲನ್ನು ಅಗಲ ಮಾಡಿದವೇ ಹೊರತು ಒಳಗಿನ ಲೆಕ್ಕವನ್ನು ಮುಟ್ಟಲಿಲ್ಲ. ಪ್ರಾಧಿಕಾರದ ವಾರ್ಷಿಕ ವರದಿಯ ಪ್ರಕಾರ 2023-24ರಲ್ಲಿ ಕಂಪನಿಗಳು ಒಪ್ಪದೆ ಉಳಿಸಿದ ಕ್ಲೇಮುಗಳ ಮೊತ್ತ ಸುಮಾರು 15,100 ಕೋಟಿ ರೂಪಾಯಿ, ಕೇಳಿದ್ದರ ಶೇ. 12.9. ಆ ವರ್ಷ ಆರೋಗ್ಯ ವಿಮೆಯನ್ನಷ್ಟೇ ಮಾರುವ ಕಂಪನಿಗಳು ಪಡೆದ ಪ್ರತಿ ನೂರು ರೂಪಾಯಿ ಕಂತಿನಲ್ಲಿ ಕ್ಲೇಮಿಗೆ ಹೋದದ್ದು ಸುಮಾರು 65. ಸರಕಾರಿ ಕಂಪನಿಗಳಲ್ಲಿ ಇದು ನೂರನ್ನೂ ದಾಟಿತ್ತು. ಅಂಥ ಖಾಸಗಿ ಕಂಪನಿಗಳು ಕಂತಿನ ಶೇ. 35ರವರೆಗೆ ಕಮಿಷನ್, ಆಡಳಿತ ಇತ್ಯಾದಿಗೆ ಖರ್ಚು ಮಾಡಲು 2023ರ ನಿಯಮವೇ ಅವಕಾಶ ಕೊಟ್ಟಿತು. ಅಮೆರಿಕದಲ್ಲಿ 2010ರ ಕಾನೂನು ಕಂತಿನ ಶೇ. 80ರಿಂದ 85ರಷ್ಟನ್ನು ಚಿಕಿತ್ಸೆಗೇ ವ್ಯಯಿಸಬೇಕು, ಇಲ್ಲವಾದರೆ ಉಳಿದದ್ದನ್ನು ಗ್ರಾಹಕರಿಗೆ ಮರಳಿಸಬೇಕು ಎಂದಿತು. ಮಾರುಕಟ್ಟೆಯ ತವರಿನಲ್ಲೇ ಸಾಧ್ಯವಾದ ಈ ಕಟ್ಟುಪಾಡು ನಮ್ಮಲ್ಲಿ ಯಾಕೆ ಬೇಡ?

ವಯಸ್ಸಿನ ವಿಷಯವೂ ಹಾಗೆಯೇ. 65 ದಾಟಿದವರಿಗೂ ಪಾಲಿಸಿ ಕೊಡಬೇಕೆಂದು 2024ರಲ್ಲಿ ಹೇಳಲಾಯಿತು. ಆದರೆ ಯಾವ ಬೆಲೆಗೆ ಎಂದು ಹೇಳಲಿಲ್ಲ. ಹಿರಿಯರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸುವ ಮುನ್ನ ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂಬ ಆದೇಶ 2025ರಲ್ಲಿ ಬಂತು. ಮೊದಲ ಕಂತೇ ಕೈಗೆಟುಕದವರಿಗೆ ಅದರಿಂದ ಲಾಭವಿಲ್ಲ. ನೆದರ್ಲೆಂಡ್ಸ್ ದೇಶದಲ್ಲಿ 2006ರಿಂದ ಖಾಸಗಿ ಕಂಪನಿಗಳೇ ವಿಮೆ ನೀಡುತ್ತವೆ. ಆದರೆ ಮೂಲ ವಿಮೆಯನ್ನು ಯಾರಿಗೂ ನಿರಾಕರಿಸುವಂತಿಲ್ಲ. ಒಂದೇ ಪಾಲಿಸಿಗೆ ಹಿರಿಯರಿಗೊಂದು, ಕಿರಿಯರಿಗೊಂದು ಬೆಲೆ ಇಡುವಂತೆಯೂ ಇಲ್ಲ. ಹೆಚ್ಚು ರೋಗಿಗಳಿರುವ ಕಂಪನಿಗೆ ಸಾಮಾನ್ಯ ನಿಧಿಯಿಂದ ನಷ್ಟ ತುಂಬಿಕೊಡುತ್ತಾರೆ. ಖಾಸಗಿ ಎಂದರೆ ಹದ್ದಿಲ್ಲದ್ದು ಎಂದರ್ಥವಲ್ಲ.

ಆಸ್ಪತ್ರೆಗಳ ದರವನ್ನು ಬಿಟ್ಟು ವಿಮೆಯ ಬಗ್ಗೆ ಮಾತಾಡಿದರೆ ಅದು ಅರ್ಧ ಮಾತು. ಕರ್ನಾಟಕದಲ್ಲಿ 2017ರಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕಲು ಸರಕಾರ ಹೊರಟಾಗ ವೈದ್ಯರು ಮುಷ್ಕರ ಹೂಡಿದರು. ಕೊನೆಗೆ ಸರಕಾರಿ ಯೋಜನೆಗಳಡಿ ಬರುವ ಚಿಕಿತ್ಸೆಗಳ ಮಟ್ಟಿಗೆ ದರ ನಿಗದಿ ಉಳಿಯಿತು. ಕೈಯಿಂದ ಹಣ ಕಟ್ಟುವವರ ಬಿಲ್ಲು ಮೊದಲಿನಂತೆಯೇ ಇದೆ.

ಹಾಗಾದರೆ ಹೊರಗುಳಿದವರು ಯಾರು? 2021ರಲ್ಲಿ ನೀತಿ ಆಯೋಗ ಅವರನ್ನು ಎಣಿಸಿತು: ಜನಸಂಖ್ಯೆಯ ಕನಿಷ್ಠ ಶೇ. 30, ಸುಮಾರು 40 ಕೋಟಿ ಜನರಿಗೆ ಯಾವ ರಕ್ಷಣೆಯೂ ಇಲ್ಲ. ಬಿ.ಪಿ.ಎಲ್. ಕಾರ್ಡಿಗೆ ಅವರು ಬಡವರಲ್ಲ; ಖಾಸಗಿ ವಿಮೆಗೆ ಸಾಕಷ್ಟು ಸಿರಿವಂತರೂ ಅಲ್ಲ. ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟನ್ನು ಮಾತ್ರ ಭರಿಸುವಂತೆ ರೂಪುಗೊಂಡಿತು. ಗುಜರಿ ವ್ಯಾಪಾರಿ, ಗ್ಯಾರೇಜಿನವನು, ಸಣ್ಣ ಅಂಗಡಿಯವನು ಉಳಿದ 70ನ್ನು ಎಲ್ಲಿಂದ ತರಬೇಕು?

ಇಲ್ಲಿ ನಮ್ಮ ಸಮುದಾಯದ ನಡೆಯನ್ನೂ ವಿಮರ್ಶಿಸಬೇಕಾಗಿದೆ. ಇಂಥ ಮನುಷ್ಯ ಝಕಾತಿಗೂ ಅರ್ಹನಲ್ಲ. ಆಸ್ಪತ್ರೆಯ ಬಿಲ್ಲಿಗೆ ಅಂಗಡಿ ಮಾರಿ, ಸಾಲದಲ್ಲಿ ಮುಳುಗಿದ ಮೇಲೆ ಅವನು ಅರ್ಹನಾಗುತ್ತಾನೆ. ಕುರ್‌ಆನ್ ಹೇಳಿದ ಎಂಟು ವರ್ಗಗಳಲ್ಲಿ ಸಾಲಗಾರನೂ ಒಬ್ಬ. ಅಂದರೆ ಅವನು ಬೀಳುವವರೆಗೆ ನಾವು ಕಾಯುತ್ತೇವೆ. ಬಳಿಕ ಜುಮಾ ನಮಾಝ್ ಮುಗಿದಾಗ ಮಸೀದಿಯ ಬಾಗಿಲಲ್ಲಿ ಬಟ್ಟೆ ಹಾಸುತ್ತೇವೆ. ಮೂಗಿನಲ್ಲಿ ನಳಿಕೆ ಇರುವ ಅವನ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಕೊಟ್ಟವರ ಪುಣ್ಯದ ಬಗ್ಗೆ ನಮ್ಮ ತಕರಾರಿಲ್ಲ. ಕಾಯಿಲೆಯ ಜೊತೆಗೆ ಮಾನವನ್ನೂ ಕಳಕೊಳ್ಳುವವನ ಕುರಿತು ನಮಗೆ ಸಂಕಟವಿದೆ.

ವಿಮೆಯಲ್ಲಿ ಬಡ್ಡಿ ಇದೆ, ಅನಿಶ್ಚಿತತೆ ಇದೆ, ಆದ್ದರಿಂದ ಹರಾಮ್ ಎಂಬ ಮಾತಿನೊಂದಿಗೆ ನಮ್ಮಲ್ಲಿ ಚರ್ಚೆ ಮುಗಿದುಬಿಡುತ್ತದೆ. ಆದರೆ 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದು ಹೇಳಿ ಸುಮ್ಮನಾಗಲಿಲ್ಲ. ಪರಸ್ಪರ ಸಹಕಾರದ ವಿಮೆಯನ್ನು ಬದಲಿಯಾಗಿ ತೋರಿಸಿತು. ನಾವು ಮೊದಲರ್ಧವನ್ನು ಕೇಳಿಸಿಕೊಂಡೆವು, ಎರಡನೆಯರ್ಧವನ್ನು ಮರೆತೆವು. 1999ರ ಕಾನೂನು ವಿಮಾ ಕಂಪನಿಗೆ ನೂರು ಕೋಟಿ ರೂಪಾಯಿ ಬಂಡವಾಳ ಕಡ್ಡಾಯ ಮಾಡಿದ್ದರಿಂದ ಸಣ್ಣ ಸಂಘಗಳಿಗೆ ಆ ದಾರಿ ಮುಚ್ಚಿತು ಎಂಬುದೂ ನಿಜ.

ಆದರೂ ದಾರಿ ಇತ್ತು. 2003ರಲ್ಲಿ ಇದೇ ಕರ್ನಾಟಕದಲ್ಲಿ ಸಹಕಾರಿ ಸಂಘಗಳ ರೈತರು ವರ್ಷಕ್ಕೆ ತಲಾ 60 ರೂಪಾಯಿ ಕಟ್ಟಿದರು, ಸರಕಾರ ಕೈಜೋಡಿಸಿತು, ಯಶಸ್ವಿನಿ ಹುಟ್ಟಿತು. ಅದು ಕಂಪನಿಯಲ್ಲ, ಟ್ರಸ್ಟ್. ಆಸ್ಪತ್ರೆಗಳೊಂದಿಗೆ ದರವನ್ನು ಮೊದಲೇ ಮಾತಾಡಿಕೊಂಡಿತ್ತು. 2018ರಲ್ಲಿ ಅದನ್ನು ಬೇರೆ ಯೋಜನೆಯೊಳಗೆ ಸೇರಿಸಿದರು. ಜನ ಕೇಳಿದ್ದರಿಂದ 2022ರಲ್ಲಿ ಮರಳಿ ತಂದರು. ಹೆಸರು ಬೇರೆಯಾದರೂ ಪರಸ್ಪರ ಸಹಕಾರ ಎಂಬುದರ ಅರ್ಥ ಇದಕ್ಕಿಂತ ದೂರವಿಲ್ಲ.

ಸರಕಾರ ಮಾಡಬೇಕಾದದ್ದು ಇಷ್ಟು: ಕಂತಿನಲ್ಲಿ ಎಷ್ಟು ಪಾಲು ಚಿಕಿತ್ಸೆಗೆ ಹೋಗಬೇಕೆಂದು ಕಾನೂನು ಮಾಡಲಿ, ಆಸ್ಪತ್ರೆಯ ದರಕ್ಕೆ ಮಿತಿ ಹಾಕಲಿ, ಸಹಕಾರಿ ವಿಮೆಗೆ ಕಡಿಮೆ ಬಂಡವಾಳದ ಬಾಗಿಲು ತೆರೆಯಲಿ. ನಮ್ಮ ಜಮಾಅತ್‌ಗಳೂ ಬೀದಿ ವ್ಯಾಪಾರಿಗಳನ್ನು, ಮೀನು ಮಾರುವವರನ್ನು ಸಹಕಾರಿ ಸಂಘಗಳಿಗೆ ಸೇರಿಸಿ ಯಶಸ್ವಿನಿಯ ಕಂತು ಕಟ್ಟಿಸಬಹುದು. ಅದಕ್ಕೆ ಯಾವ ಹೊಸ ಕಾನೂನೂ ಬೇಕಾಗಿಲ್ಲ. ಬಿಲ್ಲು ಬಂದ ಮೇಲೆ ಹಾಸುವ ಬಟ್ಟೆಯನ್ನು ಕಾಯಿಲೆ ಬರುವ ಮೊದಲೇ ಹಾಸಿದರೆ ಸಾಕು.