ಕ್ಲಾಸಿಕ್ ಕಾರಿನ ಕಾರ್ಪೆಟ್: ರಸಿಕರಿಗೊಂದು ಕೈಪಿಡಿ

ಕ್ಲಾಸಿಕ್ ಕಾರಿನ ಕಾರ್ಪೆಟ್ ತಗಡಿನ ನೆಲವನ್ನು ಮುಚ್ಚುತ್ತದೆ, ಎಂಜಿನ್ ಮತ್ತು ಗೇರ್‌ಬಾಕ್ಸಿನ ಸದ್ದು, ಬಿಸಿ ಎರಡನ್ನೂ ತಗ್ಗಿಸುತ್ತದೆ, ಸೀಟು ಮತ್ತು ಬಾಗಿಲುಗಳ ಬಣ್ಣಕ್ಕೆ ಒಪ್ಪ ಕೊಡುತ್ತದೆ. ಪೇಂಟು, ಕ್ರೋಮ್, ಚರ್ಮದ ಸೀಟುಗಳ ಕಡೆಗೇ ಕಣ್ಣು ಹೋಗುವುದರಿಂದ ನೆಲವನ್ನು ಬಗ್ಗಿ ನೋಡುವವರು ಕಡಿಮೆ. ಆದರೆ ಹಳೆಯ ಕಾರನ್ನು ಜೀರ್ಣೋದ್ಧಾರ ಮಾಡಿದವರ ಶ್ರದ್ಧೆ ಎಷ್ಟೆಂದು ತಿಳಿಯುವುದು ಹೆಚ್ಚಾಗಿ ಅಲ್ಲಿಯೇ. ಕೆಲಸವನ್ನು ತೂಗಲು ಎರಡು ಪ್ರಶ್ನೆ ಸಾಕು: ಈ ಹಾಸು ಈ ಕಾರಿಗೆ ಸೇರಿದ್ದೇ? ತಗಡು ಬಾಗಿದ ಕಡೆಯಲ್ಲೆಲ್ಲ ಅದೂ ಬಾಗಿದೆಯೇ? ಎಷ್ಟು ದುಬಾರಿ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಕಾರಿಗೆ ತಕ್ಕ ಹಾಸು

ಪ್ರತಿ ದೇಶದ ಕಾರಿಗೂ ತನ್ನದೇ ರೂಢಿಯಿತ್ತು. ರೋಲ್ಸ್‌ರಾಯ್ಸ್, ಬೆಂಟ್ಲಿಯಂತಹ ಬ್ರಿಟಿಷ್ ಕಾರುಗಳಿಗೆ ವಿಲ್ಟನ್ ಉಣ್ಣೆ ಕಾರ್ಪೆಟ್ ಹಾಕುತ್ತಿದ್ದರು. ವಿಲ್ಟನ್ ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿರುವ ಒಂದು ಊರು, ನೇಯ್ಗೆಗೆ ಹೆಸರು ಬಂದದ್ದು ಅದರಿಂದ. ಈ ನೇಯ್ಗೆಯಲ್ಲಿ ಉಣ್ಣೆಯ ನೂಲನ್ನು ಸಣ್ಣ ಸರಳುಗಳ ಮೇಲೆ ಕುಣಿಕೆಯಾಗಿ ಎತ್ತುತ್ತಾರೆ. ಸರಳಿನ ತುದಿಯಲ್ಲಿ ಅಲಗಿರುತ್ತದೆ. ಸರಳನ್ನು ಎಳೆದಾಗ ಕುಣಿಕೆಗಳು ತುಂಡಾಗಿ, ನೂಲಿನ ತುದಿಗಳು ಮಖಮಲ್ಲಿನ ಹಾಗೆ ಮೇಲೆದ್ದು ನಿಲ್ಲುತ್ತವೆ. ಕಾರ್ಪೆಟ್ಟಿನ ಈ ಮೇಲ್ಭಾಗಕ್ಕೆ ಪೈಲ್ ಎನ್ನುತ್ತಾರೆ.

ಅಮೆರಿಕದ ಕಾರುಗಳ ದಾರಿ ಬೇರೆ. 1964ರಲ್ಲಿ ಬಂದ ಫೋರ್ಡ್ ಮಸ್ಟಾಂಗ್ ಮತ್ತು ಅದರ ಓರಗೆಯ ಕಾರುಗಳಲ್ಲಿ ಕುಣಿಕೆ ಕತ್ತರಿಸದ ಲೂಪ್ ಕಾರ್ಪೆಟ್ ಇತ್ತು. ಆ ಕಾರುಗಳಿಗಾಗಿ ಈಗ ಮರುತಯಾರಾಗುವ ಹಾಸಿನಲ್ಲಿ ಸಾಮಾನ್ಯವಾಗಿ 80 ಪಾಲು ರೇಯಾನ್, 20 ಪಾಲು ನೈಲಾನ್ ಇರುತ್ತದೆ. 1970ರ ದಶಕದ ನಡುವಿನಿಂದ ಅಲ್ಲಿಯೂ ಕತ್ತರಿಸಿದ ಪೈಲ್‌ನ ನೈಲಾನ್ ಕಾರ್ಪೆಟ್ ಬಳಕೆಗೆ ಬಂತು. ಜರ್ಮನಿಯ ಪೋರ್ಷೆ 356ರಂತಹ ಕಾರುಗಳಲ್ಲಿ ಗಿಡ್ಡ ಕುಣಿಕೆಯ, ಚೌಕುಳಿಯಂತೆ ಕಾಣುವ ಒರಟು ನೇಯ್ಗೆಯ ಹಾಸು ಇರುತ್ತಿತ್ತು.

ಎಲ್ಲ ಕಡೆಯೂ ಕಾರ್ಪೆಟ್ಟೇ ಇರಬೇಕೆಂದೂ ಇಲ್ಲ. ಜಾಗ್ವಾರ್‌ನಂತಹ ಕಾರುಗಳ ಕೆಲವು ಭಾಗಗಳಲ್ಲಿ ಹಾರ್ಡುರಾ ಎಂಬ ಹಾಸು ಇರುತ್ತಿತ್ತು. ಅದು ನಾರನ್ನು ಒತ್ತಿ ಮಾಡಿದ ಫೆಲ್ಟ್ ಮೇಲೆ ಪಿವಿಸಿ ಹಾಳೆ ಅಂಟಿಸಿದ್ದು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ರಬ್ಬರ್ ಮ್ಯಾಟ್ ಸಾಮಾನ್ಯ ನೋಟ. ಇಂಥ ಕಾರಿಗೆ ವಿಲ್ಟನ್ ಉಣ್ಣೆ ಹಾಸಿದರೆ ಕಾಲಿಗೆ ಹಿತ, ಕಣ್ಣಿಗೂ ಚೆಂದ. ಕಾರಿನ ಚರಿತ್ರೆಗೆ ಮಾತ್ರ ಸುಳ್ಳು.

ಉಣ್ಣೆಯೋ ಕೃತಕ ನೂಲೋ ಎಂಬ ಅನುಮಾನ ಬಂದರೆ, ಹಾಸುವ ಮೊದಲೇ ಉಳಿಕೆ ತುಂಡಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡುವುದು ಹಳೆಯ ಉಪಾಯ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ತಿಕ್ಕಿದರೆ ಬೂದಿ ಪುಡಿಯಾಗುತ್ತದೆ. ನೈಲಾನ್ ಕರಗಿ, ತಣಿದ ಮೇಲೆ ಗಟ್ಟಿ ಮಣಿಯಾಗುತ್ತದೆ.

ಹಾಸಿನ ಅಡಿಯಲ್ಲಿ

ಕಾರ್ಪೆಟ್ ಕೆಲಸ ಶುರುವಾಗುವುದು ಟಿಂಕರಿಂಗ್ ಮುಗಿದ ಮೇಲೆ. ತುಕ್ಕು ಕೆರೆದು, ತೂತು ಬಿದ್ದಲ್ಲಿ ತಗಡು ಬೆಸೆದು, ಪೇಂಟ್ ಬಳಿದ ನೆಲದ ಮೇಲೆ ಸದ್ದು ತಗ್ಗಿಸುವ ಬಿಟುಮೆನ್ ಹಾಳೆ, ಅದರ ಮೇಲೆ ಫೆಲ್ಟ್, ಕೊನೆಗೆ ಕಾರ್ಪೆಟ್ ಬರುತ್ತದೆ. ಹಿಂದೆ ಬಳಸುತ್ತಿದ್ದ ಸೆಣಬಿನ ಫೆಲ್ಟ್ ನೀರು ಹೀರಿಕೊಂಡರೆ ಬೇಗ ಆರುವುದಿಲ್ಲ. ಗಾಜಿನ ರಬ್ಬರ್ ಬೀಡಿಂಗ್ ಸೋರುವ ಕಾರು ಮಲೆನಾಡಿನಲ್ಲೋ ಕರಾವಳಿಯಲ್ಲೋ ಒಂದು ಮಳೆಗಾಲ ನಿಂತರೆ, ಮೇಲೆ ಒಣಗಿದಂತೆ ಕಾಣುವ ಹಾಸಿನಡಿಯಲ್ಲಿ ತಗಡನ್ನು ತುಕ್ಕು ತಿನ್ನುತ್ತಿರುತ್ತದೆ. ಹಾಗಾಗಿ ನೀರು ಹೀರದ ಫೋಮ್ ಬಳಸುವವರು ಈಗ ಹೆಚ್ಚು. ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬಂದರೆ ಮೇಲಿನ ಅಂದವನ್ನು ನಂಬಬೇಕಿಲ್ಲ.

ಅಡಿಹಾಸು ದಪ್ಪವಾದಷ್ಟೂ ಒಳ್ಳೆಯದು ಎನ್ನುವುದೂ ತಪ್ಪು. ದಪ್ಪ ಹೆಚ್ಚಾದರೆ ಆಕ್ಸಿಲರೇಟರ್ ಪೂರ್ತಿ ಒತ್ತಲು ಬರುವುದಿಲ್ಲ, ಹೊಸ್ತಿಲ ಪಟ್ಟಿ ಕೂರುವುದಿಲ್ಲ, ಬಾಗಿಲು ಉಜ್ಜುತ್ತದೆ.

ಕತ್ತರಿಸಿ ಹೊಲಿದದ್ದು, ಅಚ್ಚಿಗೆ ಒತ್ತಿದ್ದು

ಕಾರ್ಪೆಟ್ಟಿಗೆ ಆಕಾರ ಕೊಡುವ ವಿಧಾನ ಎರಡು. ಒಂದರಲ್ಲಿ ಚಪ್ಪಟೆ ಹಾಸನ್ನು ತುಂಡು ತುಂಡಾಗಿ ಕತ್ತರಿಸಿ ಹೊಲಿಯುತ್ತಾರೆ. ಬ್ರಿಟಿಷ್ ಕಾರುಗಳಲ್ಲಿ ಇದೇ ಹೆಚ್ಚು. ಇನ್ನೊಂದರಲ್ಲಿ ಕಾಯಿಸಿದ ಹಾಸನ್ನು ಅಚ್ಚಿಗೆ ಒತ್ತಿ ನೆಲದ ಉಬ್ಬುತಗ್ಗುಗಳನ್ನು ಅದರಲ್ಲೇ ಮೂಡಿಸುತ್ತಾರೆ. ಮಸ್ಟಾಂಗ್‌ನದು ಈ ಬಗೆ. ಅಚ್ಚಿನ ಕಾರ್ಪೆಟ್ ಮಡಚಿದ ಸ್ಥಿತಿಯಲ್ಲಿ ಬರುತ್ತದೆ. ಅದನ್ನು ಬಿಸಿಲಿಗೆ ಹರಡಿ ಮಡಿಕೆ ಬಿಡಿಸಿದ ಮೇಲೆಯೇ ಒಳಗಿಡಬೇಕು. ಅವಸರ ಮಾಡಿದವರ ಕೆಲಸದಲ್ಲಿ ಆ ಮಡಿಕೆಯ ಗೆರೆ ಉಳಿದುಕೊಳ್ಳುತ್ತದೆ.

ಕತ್ತರಿಸಿ ಹೊಲಿಯುವ ಕೆಲಸದ ಪರೀಕ್ಷೆ ನಡೆಯುವುದು ಗೇರ್‌ಬಾಕ್ಸ್ ಟನಲ್ ಮೇಲೆ. ಮುಂದಿನ ಎರಡು ಸೀಟುಗಳ ನಡುವೆ ಕಮಾನಿನಂತೆ ಎದ್ದಿರುವ ಈ ಭಾಗ ಮುಂದೆ ಅಗಲ, ಹಿಂದೆ ಕಿರಿದು. ಸಪಾಟಾದ ಹಾಸನ್ನು ಅದರ ಮೇಲೆ ಹೊದಿಸಿದರೆ ಮುಂಭಾಗದಲ್ಲಿ ನೆರಿಗೆ ಬೀಳುತ್ತದೆ. ನುರಿತವರು ಅಲ್ಲಿ ಮುಕ್ಕೋನವಾಗಿ ಕತ್ತರಿಸಿ, ಅಂಚುಗಳನ್ನು ಒಳಗಿನಿಂದ ಹೊಲಿದು ಸೇರಿಸುತ್ತಾರೆ. ಪೈಲ್ ಬಾಚಿದರೆ ಜೋಡಣೆ ಕಾಣುವುದೇ ಇಲ್ಲ. ಕೈ ಪಳಗದವರು ನೆರಿಗೆಯನ್ನು ಅಂಟು ಹಾಕಿ ಅದುಮುತ್ತಾರೆ. ಎಂಜಿನ್ ಬಿಸಿಗೆ ಅಂಟು ಸಡಿಲಿ ಆ ನೆರಿಗೆ ಮತ್ತೆ ಏಳುತ್ತದೆ.

ಒಂದೇ ಮಾದರಿಯ ಕಾರಿನಲ್ಲೂ ನೆಲದ ಆಕಾರ ಬದಲಾಗಿರಬಹುದು. 1961ರ ಜಾಗ್ವಾರ್ ಇ-ಟೈಪ್‌ನ ಮೊದಲ ಕಾರುಗಳ ನೆಲ ಸಮತಟ್ಟಾಗಿತ್ತು. 1962ರಿಂದ ಕಾಲಿಗೆ ಜಾಗ ಸಿಗಲೆಂದು ಹಿಮ್ಮಡಿ ಇಡುವಲ್ಲಿ ನೆಲವನ್ನು ತಗ್ಗಿಸಲಾಯಿತು. ಮೊದಲ ಕಾರುಗಳಿಗೆ ಇಂದು ಬೆಲೆ ಹೆಚ್ಚು. ಅಂಥ ಕಾರಿನಲ್ಲಿ ನಂತರದ ಮಾದರಿಯ ಕಾರ್ಪೆಟ್ ಕಂಡರೆ, ಅದನ್ನು ಹಾಕಿದವರಿಗೆ ಕಾರಿನ ಗುರುತು ಸಿಕ್ಕಿಲ್ಲ ಎಂದೇ ಅರ್ಥ.

ಅಂಚು, ಪೈಲ್, ಹಿಮ್ಮಡಿ ಪಟ್ಟಿ

ಅಂಚು ಬಿಚ್ಚಿಕೊಳ್ಳದಂತೆ ಚರ್ಮ, ರೆಕ್ಸಿನ್ ಅಥವಾ ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಪಟ್ಟಿಯ ಅಗಲ ಉದ್ದಕ್ಕೂ ಒಂದೇ ಸಮನಿರಬೇಕು, ಮೂಲೆ ತಿರುಗುವಲ್ಲಿ ಗಂಟು ಕಟ್ಟಬಾರದು. ಹೊಲಿಗೆ ಕಾಣದಂತೆ ಪಟ್ಟಿಯನ್ನು ಮಗುಚಿ ಹೊಲಿಯುವುದು ಹೆಚ್ಚು ನಾಜೂಕಿನ ಕೆಲಸ. ಆದರೂ ಕಾರ್ಖಾನೆಯಲ್ಲಿ ಮೇಲ್‌ಹೊಲಿಗೆ ಹಾಕಿದ್ದ ಕಾರಿಗೆ ಮೇಲ್‌ಹೊಲಿಗೆಯೇ ಸರಿ.

ಪೈಲ್‌ಗೆ ಒಂದು ವಾಲು ಇರುತ್ತದೆ. ಅಂಗೈ ಸವರಿದರೆ ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಒರಟು. ನುಣುಪಿನ ದಿಕ್ಕಿನಿಂದ ನೋಡಿದರೆ ಬಣ್ಣ ತಿಳಿ, ಎದುರಿನಿಂದ ಗಾಢ. ಎಡ ಬಲದ ತುಂಡುಗಳನ್ನು ಬೇರೆ ಬೇರೆ ದಿಕ್ಕಿಗೆ ಕತ್ತರಿಸಿದ್ದರೆ ಒಂದೇ ಥಾನಿನ ಹಾಸೂ ಎರಡು ಬಣ್ಣವಾಗಿ ಕಾಣುತ್ತದೆ. ಬಟ್ಟೆ ಉಳಿಸಲು ಹೋದವರು ಸಿಕ್ಕಿಬೀಳುವುದು ಇಲ್ಲಿಯೇ.

ಚಾಲಕರ ಹಿಮ್ಮಡಿ ಊರುವಲ್ಲಿ ಸವೆತ ತಡೆಯಲು ರಬ್ಬರ್ ಅಥವಾ ವಿನೈಲ್ ಪಟ್ಟಿ ಇರುತ್ತದೆ. ಕತ್ತರಿಸಿ ಹೊಲಿದ ಹಾಸಿನಲ್ಲಿ ಅದಕ್ಕೆ ಹೊಲಿಗೆ. ಅಮೆರಿಕದ ಅಚ್ಚಿನ ಹಾಸಿನಲ್ಲಿ ಅದನ್ನು ಬಿಸಿ ಒತ್ತಿ ಪೈಲ್ ಜೊತೆ ಬೆಸೆದಿರುತ್ತಾರೆ. ಕಾಲು ನಿಜವಾಗಿ ಊರುವಲ್ಲಿಯೇ ಪಟ್ಟಿ ಇದೆಯೇ ಎಂಬುದನ್ನು ಪೆಡಲ್ ನೋಡಿ ತಿಳಿಯಬಹುದು.

ಕೂರಿಸುವ ಕ್ರಮ

ಮೊದಲು ಟನಲ್, ಆಮೇಲೆ ಹೊಸ್ತಿಲ ಒಳಬದಿ ಮತ್ತು ಮುಂದಿನ ಗೋಡೆ, ಕಡೆಗೆ ನೆಲ. ಟನಲ್ ಮತ್ತು ಬದಿಗಳಿಗೆ ಅಂಟು ಬೇಕು. ತಗಡಿಗೂ ಹಾಸಿನ ಬೆನ್ನಿಗೂ ಅಂಟು ಬಳಿದು, ಕೈಗೆ ಹತ್ತದಷ್ಟು ಆರಲು ಬಿಟ್ಟು ಒತ್ತುತ್ತಾರೆ. ಹೀಗೆ ಒತ್ತಿದ್ದು ಒಮ್ಮೆ ಹಿಡಿದರೆ ಸರಿಸಲು ಬರುವುದಿಲ್ಲ. ಆದ್ದರಿಂದ ಅಂಟು ಡಬ್ಬಿ ತೆರೆಯುವ ಮೊದಲು ಎಲ್ಲ ತುಂಡುಗಳನ್ನೂ ಒಣದಾಗಿ ಇಟ್ಟು ನೋಡುವುದು ಕಸುಬಿನ ಶಿಸ್ತು. ನೆಲದ ತುಂಡುಗಳನ್ನು ಅಂಟಿಸದೆ ಪ್ರೆಸ್ ಬಟನ್ ಹಾಕಿ ನಿಲ್ಲಿಸುವುದು ಒಳ್ಳೆಯದು. ನೆನೆದರೆ ತೆಗೆದು ಒಣಗಿಸಬಹುದು, ಪೆಡಲ್ ಅಡಿಗೆ ಜಾರುವ ಭಯವೂ ಇಲ್ಲ.

ಸೀಟು ಮತ್ತು ಬೆಲ್ಟಿನ ಬೋಲ್ಟುಗಳ ತೂತು ಕೊರೆಯುವಾಗ ಡ್ರಿಲ್ ತಾಗಿದರೆ ಅನಾಹುತ. ತಿರುಗುವ ಬಿಟ್‌ಗೆ ಸುತ್ತಿಕೊಂಡ ಒಂದೇ ನೂಲು ಲೂಪ್ ಕಾರ್ಪೆಟ್ಟಿನ ಸಾಲನ್ನೇ ಕಿತ್ತು ತರುತ್ತದೆ. ದಬ್ಬಳದಿಂದ ಗುರುತು ಚುಚ್ಚಿ, ಉಣ್ಣೆಯನ್ನು ಕತ್ತರಿಸಿ, ಕೃತಕ ನೂಲನ್ನು ಕಾದ ಸೋಲ್ಡರಿಂಗ್ ಐರನ್‌ನಿಂದ ಸುಟ್ಟು ತೂತು ಮಾಡುವುದು ಸರಿಯಾದ ದಾರಿ.

ಹಳತು ಮತ್ತು ಹೊಸತು

ಕಾರ್ಖಾನೆಯಿಂದ ಬಂದ ಹಾಸು ಇನ್ನೂ ಉಳಿದಿದ್ದರೆ, ಬಣ್ಣ ಮಾಸಿದ್ದರೂ ಹಿಮ್ಮಡಿಯ ಬಳಿ ಸವೆದಿದ್ದರೂ, ಅದನ್ನು ಕಿತ್ತೆಸೆಯುವುದು ನಷ್ಟ. ಮೂಲ ಸ್ಥಿತಿಯನ್ನು ಉಳಿಸಿಕೊಂಡ ಕಾರುಗಳಿಗೆ ಅಮೆರಿಕದ ಪೆಬಲ್ ಬೀಚ್‌ನಂತಹ ದೊಡ್ಡ ಸ್ಪರ್ಧೆಗಳಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಬದಲಿಸಲೇಬೇಕಾದಾಗಲೂ ಹಳೆಯ ತುಂಡುಗಳನ್ನು ಕಾಪಿಡಬೇಕು. ಹೊಸದನ್ನು ಕತ್ತರಿಸಲು ಅವುಗಳಿಗಿಂತ ನಂಬಿಕಸ್ತ ಅಳತೆ ಇಲ್ಲ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ಪಯಣ ಕಾರ್ ಮ್ಯೂಸಿಯಂಗಳಲ್ಲಿ ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶದ ಕಾರುಗಳನ್ನು ನೋಡಬಹುದು. ಅಂಥ ಕಡೆ ಅಭ್ಯಾಸ ಆರಂಭಿಸುವವರು ಮೊದಲು ಟನಲ್, ಆಮೇಲೆ ಅಂಚು, ಆಮೇಲೆ ಎಡ ಬಲಗಳ ಬಣ್ಣ ನೋಡಲಿ. ಹಾಸಿನ ಮೆತ್ತನೆಗೆ ಅಂಕ ಕೊಡುವುದು ಇವು ಮೂರೂ ಸರಿಯಿದ್ದರೆ ಮಾತ್ರ.