ತಾಯಿಯನ್ನು ಓದುವ ಮಗಳು: ಒಂದು ಇಂಗ್ಲಿಷ್ ಕಾದಂಬರಿಯೊಳಗಿನ ಕನ್ನಡ

ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ ಮಲಾಡ್ ಮತ್ತು ಬೊರಿವಲಿಗಳ ನಡುವೆ ಇರುವ ಕಾಂದಿವಲಿಯಂತಹ ಉಪನಗರಗಳ ಕನ್ನಡ ಮನೆಗಳಲ್ಲಿ ಕನ್ನಡವು ಬಹುಮಟ್ಟಿಗೆ ತಾಯಿಯೊಡನೆ ಆಡುವ ಭಾಷೆ. ಶಾಲೆಯ ಭಾಷೆ ಇಂಗ್ಲಿಷ್ ಅಥವಾ ಮರಾಠಿ, ಬೀದಿಯದು ಹಿಂದಿ. ಅಲ್ಲಿ ಬೆಳೆದ ಎಷ್ಟೋ ಹೆಣ್ಣುಮಕ್ಕಳು ಕನ್ನಡವನ್ನು ಆಡಬಲ್ಲರು, ಓದಲಾರರು. ತಾಯಿಗೆ ಅತ್ಯಂತ ನಿಕಟವಾಗಿದ್ದೂ ಆಕೆ ಬರೆದಿಟ್ಟದ್ದು ಕೈಗೆಟುಕದ ಈ ಸ್ಥಿತಿಯ ಹಿನ್ನೆಲೆಯಲ್ಲಿ ಶಶಿ ದೇಶಪಾಂಡೆಯವರ ‘ದಿ ಬೈಂಡಿಂಗ್ ವೈನ್’ (1993) ಕಾದಂಬರಿಯನ್ನು ಮತ್ತೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶ್ರೀರಂಗರ ಮಗಳಾಗಿ 1938ರಲ್ಲಿ ಧಾರವಾಡದಲ್ಲಿ ಜನಿಸಿದ ದೇಶಪಾಂಡೆಯವರು ಬರೆದದ್ದು ಇಂಗ್ಲಿಷಿನಲ್ಲಿ. ತಾಯಿ–ಮಗಳ ಸಂಬಂಧ ಅವರಿಗೆ ಹೊಸ ವಸ್ತುವಲ್ಲ. ‘ದಿ ಡಾರ್ಕ್ ಹೋಲ್ಡ್ಸ್ ನೋ ಟೆರರ್ಸ್’ (1980) ಕಾದಂಬರಿಯ ಸರು, ತಮ್ಮನ ಸಾವಿಗೆ ತನ್ನನ್ನೇ ಹೊಣೆಯಾಗಿಸಿದ ತಾಯಿಯನ್ನು ತೊರೆದು ವೈದ್ಯೆಯಾಗುತ್ತಾಳೆ. ಅಲ್ಲಿ ಪ್ರೌಢತೆಯೆಂದರೆ ತಾಯಿಯಿಂದ ದೂರ ಸರಿಯುವುದು. ‘ದಿ ಬೈಂಡಿಂಗ್ ವೈನ್’ ಈ ಸಮೀಕರಣವನ್ನು ತಿರುವುಮುರುವಾಗಿಸುತ್ತದೆ.

ಎಳೆಯ ಮಗಳನ್ನು ಕಳೆದುಕೊಂಡ ಶೋಕದಲ್ಲಿರುವ ಕಾಲೇಜು ಅಧ್ಯಾಪಕಿ ಊರ್ಮಿಗೆ, ತಾನು ಎಂದೂ ಕಾಣದ ಅತ್ತೆ ಮೀರಾಳ ಬರಹಗಳು ದೊರೆಯುತ್ತವೆ. ದಿನಚರಿ ಇಂಗ್ಲಿಷಿನಲ್ಲಿದೆ, ಕವಿತೆಗಳು ಕನ್ನಡದಲ್ಲಿವೆ. ಒಲ್ಲದ ಮದುವೆ, ಬದಲಾಯಿಸಲ್ಪಟ್ಟ ಹೆಸರು, ದಾಂಪತ್ಯದೊಳಗಿನ ಬಲಾತ್ಕಾರ, ಕೊನೆಗೆ ಹೆರಿಗೆಯಲ್ಲಿ ಸಾವು: ಮೀರಾಳ ತಾರುಣ್ಯ ಇಷ್ಟರಲ್ಲಿ ಮುಗಿದುಹೋಗುತ್ತದೆ. ತಾನು ತಾಯಿಯಂತಾಗಬಾರದೆಂಬ ಹಟ ಆಕೆಯ ಬರಹದಲ್ಲಿ ಎಷ್ಟು ಸ್ಪಷ್ಟವೋ, ತಾಯಿಯನ್ನೇ ಸಂಬೋಧಿಸಿ ಮಾತನಾಡಬೇಕೆಂಬ ಹಂಬಲವೂ ಅಷ್ಟೇ ಸ್ಪಷ್ಟ. ಆ ಹಂಬಲ ನುಡಿಯಾಗುವುದು ಕನ್ನಡದಲ್ಲಿ ಎಂಬುದು ಗಮನಾರ್ಹ.

ಇದಕ್ಕೆ ಸಮಾನಾಂತರವಾಗಿ ಮುಂಬಯಿಯ ಬಡ ತಾಯಿ ಶಕುತಾಯಿ ಮತ್ತು ಆಕೆಯ ಮಗಳು ಕಲ್ಪನಾಳ ಕಥೆ ಸಾಗುತ್ತದೆ. ಅತ್ಯಾಚಾರಕ್ಕೊಳಗಾದ ಕಲ್ಪನಾ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಹಣ ಗಳಿಸುವ, ತುಟಿಗೆ ಬಣ್ಣ ಹಚ್ಚುವ, ಯಾರಿಗೂ ಅಂಜದ ಮಗಳ ಬಗ್ಗೆ ಶಕುತಾಯಿಗೆ ಹೆಮ್ಮೆಯೂ ಇತ್ತು, ದಿಗಿಲೂ ಇತ್ತು. ದುರಂತದ ನಂತರ ಆ ದಿಗಿಲೇ ದೂಷಣೆಯಾಗುತ್ತದೆ. ಮಗಳ ಮದುವೆ ಕೆಡುವುದೆಂಬ ಭಯದಿಂದ ತಾಯಿ ಮೊದಲು ಸತ್ಯವನ್ನೇ ಅಲ್ಲಗಳೆಯುತ್ತಾಳೆ. ಮೀರಾಳ ಕವಿತೆಗಳ ಪ್ರಕಟಣೆಗೆ ಊರ್ಮಿಯ ನಾದಿನಿ ವನಾ ಒಡ್ಡುವ ವಿರೋಧಕ್ಕೂ ಮನೆತನದ ಮಾನವೇ ಕಾರಣ. ವರ್ಗ ಬೇರೆ, ಕಾಲ ಬೇರೆ. ಹೇರಿದ ಮೌನ ಒಂದೇ.

ಊರ್ಮಿಗೂ ತನ್ನ ತಾಯಿ ಇನ್ನಿಯ ಮೇಲೆ ಹಳೆಯ ಮುನಿಸುಂಟು. ಬಾಲ್ಯದಲ್ಲಿ ತನ್ನನ್ನು ಅಜ್ಜಿಯ ಮನೆಗೆ ಕಳುಹಿಸಿದ್ದು ತಂದೆಯ ನಿರ್ಧಾರವೆಂದು ತಿಳಿಯುವುದು ಬಹಳ ತಡವಾಗಿ. ಮೀರಾಳನ್ನು ಓದಿ, ಶಕುತಾಯಿಯ ಮಾತನ್ನು ಆಲಿಸಿದ ಅನುಭವದ ಬಳಿಕವೇ ಊರ್ಮಿ ಸ್ವಂತ ತಾಯಿಯ ಮಾತಿಗೆ ಕಿವಿಗೊಡಲು ಶಕ್ತಳಾಗುತ್ತಾಳೆ. ಪ್ರೌಢತೆ ಇಲ್ಲಿ ತಾಯಿಯನ್ನು ತೊರೆಯುವುದರಲ್ಲಿಲ್ಲ, ಆಕೆಯನ್ನು ಓದಬಲ್ಲವಳಾಗುವುದರಲ್ಲಿದೆ. ಕಾದಂಬರಿಯ ನಿಜವಾದ ಸಾಧನೆ ಇದೇ.

ಆದರೆ ಎರಡು ಆಕ್ಷೇಪಗಳನ್ನು ಹೇಳಲೇಬೇಕಾಗಿದೆ. ಮೊದಲನೆಯದು, ಕಲ್ಪನಾ ಕಾದಂಬರಿಯುದ್ದಕ್ಕೂ ಮಾತನಾಡುವುದಿಲ್ಲ. ಆಕೆಯ ತಾರುಣ್ಯವನ್ನು ನಾವು ತಾಯಿಯ ಬಾಯಿಂದ ಮಾತ್ರ ಬಲ್ಲೆವು. ಎರಡನೆಯದು, ಮೀರಾಳ ಕವಿತೆಗಳು ನಮಗೆ ಸಿಗುವುದು ಊರ್ಮಿಯ ಅನುವಾದವೆಂಬ ರೂಪದಲ್ಲಿ, ಇಂಗ್ಲಿಷಿನಲ್ಲಿ. ಅನುವಾದವಿದೆ, ಮೂಲವಿಲ್ಲ. ಕನ್ನಡ ಓದುಗನಿಗೆ ತನ್ನ ಭಾಷೆ ಇಲ್ಲಿ ನೆರಳಾಗಿ ಮಾತ್ರ ಕಾಣಿಸುತ್ತದೆ. ಮೀರಾಳ ಲಯವಾಗಲಿ, ನುಡಿಗಟ್ಟಾಗಲಿ ಕೇಳಿಸುವುದಿಲ್ಲ. ಇದನ್ನು ಕೇವಲ ಕೊರತೆಯೆಂದು ತಳ್ಳಿಹಾಕುವಂತಿಲ್ಲ. ಹೊರನಾಡಿನಲ್ಲಿ ತಾಯಿಯ ಬರಹ ಮಗಳನ್ನು ತಲುಪುವ ಬಗೆಯೂ ಅನೇಕ ವೇಳೆ ಇದೇ ಅಲ್ಲವೇ?

ಊರ್ಮಿಗಾದರೋ ಮೀರಾಳ ಕನ್ನಡ ಓದಲು ಬರುತ್ತಿತ್ತು. ಕಾಂದಿವಲಿಯ ಮನೆಯೊಂದರಲ್ಲಿ ತಾಯಿಯ ನೋಟ್‌ಬುಕ್ಕನ್ನು ತೆರೆಯುವ ಇಂದಿನ ತರುಣಿಗೆ ಆ ಸೌಲಭ್ಯವಿರಲೇಬೇಕೆಂದಿಲ್ಲ. ಹಾಡು, ಲೆಕ್ಕ, ಕಾಗದ, ಕವಿತೆಗಳಿರುವ ಇಂಥ ಅಪ್ರಕಟಿತ ಬರಹಗಳನ್ನು ಹುಡುಕುವುದು, ಓದಿಸುವುದು ಹೊರನಾಡಿನ ಕನ್ನಡ ಸಂಶೋಧಕರು ಕೈಗೊಳ್ಳಬೇಕಾದ ಕೆಲಸ. ಓದುವವರು ಮನೆಯಲ್ಲಿರುವಾಗಲೇ ಅದು ನಡೆಯಬೇಕು.